ಜಾಣ ರೈಲಿಗೆ ಚಳ್ಳಕೆರೆಯಲ್ಲಿ ನಿಲುಗಡೆ ಇಲ್ಲ

2024ರ ಜೂನ್ 23ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಚಳ್ಳಕೆರೆಯಲ್ಲಿ ಒಂದು ವಾಹನ ಬಂದು ನಿಂತಿತು. ಹೇಳಿದ ದಿನ ಬಂತು. ಹೇಳಿದ ಜಾಗದಲ್ಲೇ ನಿಂತಿತು. ಆದ್ದರಿಂದ ಅದು ರೈಲು ಅಲ್ಲ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು.

ಅದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಪುಷ್ಪಕ್. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ರನ್‌ವೇ ನೇರಕ್ಕೂ ಬಿಡಲಿಲ್ಲ; ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ಒಳಗೆ ಪೈಲಟ್ ಇಲ್ಲ. ಎಂಜಿನ್ನಿನ ನೆರವಿಲ್ಲ. ಗಾಳಿ ಬೇರೆ ಜೋರು. ಪುಷ್ಪಕ್ ತನ್ನ ದಾರಿ ತಾನೇ ತಿದ್ದಿಕೊಂಡಿತು. ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿತು. ಪ್ಯಾರಾಚೂಟ್ ಬಿಚ್ಚಿ ವೇಗವನ್ನು 100ರ ಹತ್ತಿರಕ್ಕೆ ಇಳಿಸಿತು. ಆಮೇಲೆ ಗಾಲಿಯ ಬ್ರೇಕ್ ಹಾಕಿತು. ಮೂಗಿನ ಗಾಲಿ ತಿರುಗಿಸುತ್ತಾ ರನ್‌ವೇ ನಡುಗೆರೆ ಬಿಡದೆ ಬಂದು ನಿಂತಿತು.

ಯಂತ್ರದ ಕೈಕಾಲಿಗೆ ಕಂಪ್ಯೂಟರಿನ ತಲೆ ಜೋಡಿಸುವ ಈ ವಿದ್ಯೆಯನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕಾಟ್ರಾನಿಕ್ಸ್ ಎನ್ನುತ್ತಾರೆ. ಸೆನ್ಸರ್ ನೋಡಬೇಕು, ಕಂಪ್ಯೂಟರ್ ಯೋಚಿಸಬೇಕು, ವಾಲ್ವೋ ಮೋಟಾರೋ ಕೆಲಸ ಮಾಡಬೇಕು. ಇದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಚಳ್ಳಕೆರೆಯಲ್ಲೇ ಅದನ್ನು ಮಾಡಿ ತೋರಿಸಿದ್ದಾರೆ. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್‌ನಲ್ಲಿ ಇನ್ನೊಮ್ಮೆ, ಆ ಜೂನ್‌ನಲ್ಲಿ ಮತ್ತೊಮ್ಮೆ. ಮೂರಕ್ಕೆ ಮೂರೂ ಗೆದ್ದರು.

ಈಗ ನೆಲದ ಸಮಾಚಾರ.

ನಮ್ಮ ಕಡೆಯ ಒಂದು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದೆ. ಕಂಬಳಿ ಹೊದ್ದ ಯಜಮಾನರೊಬ್ಬರು ಪಕ್ಕದ ಹುಡುಗನನ್ನು ಕೇಳಿದರು.

'ಎಷ್ಟೊತ್ತಿಗೆ ಬತ್ತೈತಪ್ಪ ರೈಲು?'

ಹುಡುಗ ಮೊಬೈಲ್ ಮೇಲೆ ಬೆರಳಾಡಿಸಿದ. 'ಮೊಬೈಲ್‌ನಾಗೆ ಆಗ್ಲೇ ಬಂದು ಹೋಗೈತೆ ಕಣಜ್ಜ.'

'ಹಂಗಾದ್ರೆ ನಾವೇ ತಡ ಮಾಡಿದ್ವಿ ಬಿಡು' ಎಂದ ಅಜ್ಜ, ಅಲ್ಲೇ ಗಟ್ಟಿಯಾಗಿ ಕೂತರು.

ಸ್ವಲ್ಪ ಹೊತ್ತಿಗೆ ಹೋಗಿದ್ದ ರೈಲು ಬಂತು. ಜನರಲ್ ಬೋಗಿಯ ಬಾಗಿಲು ಹಾಕಲು ನೋಡಿದೆ. ಆಗಲಿಲ್ಲ. ಚಿಲಕದ ನಾಲಗೆ ಇದೆ, ಅದು ಕೂರಬೇಕಾದ ತೂತು ಇಲ್ಲ. ತೂತಿದ್ದ ಜಾಗದಲ್ಲಿ ಯಾರೋ ತಂತಿ ಸುತ್ತಿದ್ದರು. ತಂತಿಯ ಮೇಲೆ ಬಣ್ಣ ಬಳಿದಿತ್ತು. ಅಂದರೆ ಬಣ್ಣ ಬಳಿಯುವವರು ಬಂದಿದ್ದರು, ನೋಡಿದ್ದರು, ತಂತಿಯನ್ನೂ ಬೋಗಿಯ ಭಾಗವೆಂದು ಒಪ್ಪಿಕೊಂಡು ಹೋಗಿದ್ದರು. ಬಾಗಿಲಿಗೆ ಅಡ್ಡಲಾಗಿ ಒಬ್ಬ ತರುಣ ಕೂತಿದ್ದ. ಒಳಗಿನವರು ಬೀಳದಂತೆ ತಡೆಯುತ್ತಿದ್ದ ಏಕೈಕ ನಿಯಂತ್ರಣ ವ್ಯವಸ್ಥೆ ಅವನ ಬೆನ್ನು.

ಚಳ್ಳಕೆರೆಯ ಬಳಿ, ಅಲ್ಲೇ ಆಚೆ ಒಂದು ಗೋಡೆ. ಗೋಡೆಯೊಳಗೆ ಡಿಆರ್‌ಡಿಒ 4 ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ವೈಮಾನಿಕ ಪರೀಕ್ಷಾ ವಲಯ ಕಟ್ಟಿಕೊಂಡಿದೆ. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದರು. ಪಕ್ಕದಲ್ಲೇ ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ. ಎಲ್ಲವೂ ಅಮೃತಮಹಲ್ ಕಾವಲು. ದನ ಕುರಿ ಮೇಯುತ್ತಿದ್ದ ನೆಲ. ದೇಶಕ್ಕಾಗಿ ಬಿಟ್ಟುಕೊಡಿ ಎಂದರು, ಕೊಟ್ಟಾಯಿತು. ಕೇಳದೆಯೇ ತೆಗೆದುಕೊಂಡರು ಎಂದು ಹಸಿರು ನ್ಯಾಯಮಂಡಳಿವರೆಗೆ ಹೋದವರೂ ಇದ್ದಾರೆ. ಕುರಿ ಈಗ ಗೋಡೆಯ ಆಚೆ ನಿಂತು ವಿಜ್ಞಾನವನ್ನು ಮೂಸಿ ನೋಡುತ್ತಿದೆ.

ಡಿಆರ್‌ಡಿಒಗೂ ನಮ್ಮ ರೈಲಿಗೂ ಸಂಬಂಧವೇ ಇಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಬಲವಾದ ಸಂಬಂಧವಿದೆ. ಬೋಗಿಯ ಕಕ್ಕಸಿನ ಕೆಳಗೆ ನೇತಾಡುವ ತೊಟ್ಟಿ ಅವರ ಕೊಡುಗೆ. ಮಲ ತಿನ್ನುವ ಬ್ಯಾಕ್ಟೀರಿಯಾ ಅವರ ಗ್ವಾಲಿಯರ್ ಪ್ರಯೋಗಾಲಯದ ಸಂಶೋಧನೆ. ಒಳ್ಳೆಯ ಸಂಶೋಧನೆಯೇ, ಹಳಿಯ ಮೇಲೆ ಮಲ ಬೀಳುವುದು ನಿಂತಿತು. ಆದರೆ 2017ರ ಸಿಎಜಿ ವರದಿ ತೆಗೆದು ನೋಡಿ. ಒಂದೇ ವರ್ಷದಲ್ಲಿ ಸುಮಾರು 25 ಸಾವಿರ ಜೈವಿಕ ಶೌಚಾಲಯಗಳಲ್ಲಿ ಸುಮಾರು 2 ಲಕ್ಷ ದೋಷಗಳು. ಅರ್ಧಕ್ಕೂ ಹೆಚ್ಚು ಪ್ರಕರಣ ಕಟ್ಟಿಕೊಂಡದ್ದು. ಯಾಕೆ ಕಟ್ಟಿಕೊಂಡಿತು? ಬಾಟಲಿ, ಗುಟ್ಕಾ ಚೀಟಿ, ಬಟ್ಟೆ, ಡೈಪರ್. ಬ್ಯಾಕ್ಟೀರಿಯಾ ತನ್ನ ಕೆಲಸಕ್ಕೆ ಸಿದ್ಧವಿತ್ತು. ಒಳಗೆ ಒಂದು ಕಸದ ಡಬ್ಬಿ ಇಟ್ಟು ಖಾಲಿ ಮಾಡಲು ಇಲಾಖೆ ಸಿದ್ಧವಿರಲಿಲ್ಲ, ಡಬ್ಬಿಗೆ ಹಾಕಲು ನಾವು ಸಿದ್ಧವಿರಲಿಲ್ಲ.

ಗೋಡೆಯ ಒಳಗೆ ಡಿಆರ್‌ಡಿಒದ್ದು ಪೈಲಟ್ ಇಲ್ಲದ ವಿಮಾನ. ಗೋಡೆಯ ಹೊರಗೆ ಅವರದ್ದು ಕಟ್ಟಿಕೊಂಡ ತೊಟ್ಟಿ. ವಿಜ್ಞಾನ ನಗರಿಯ ಪಾಲು ಊರಿಗೆ ಬಂದದ್ದು ಹೀಗೆ.

ಈ ಊರಿಗೆ ರೈಲಿನ ಜೊತೆ ಹಳೆಯ ಲೆಕ್ಕವೂ ಒಂದಿದೆ. ಅದನ್ನು ಊರೇ ಮರೆತಿದೆ. ಸಿ.ಕೆ. ಜಾಫರ್ ಷರೀಫ್ ಹೆಸರಿನ ಮೊದಲ ಅಕ್ಷರವೇ ಚಳ್ಳಕೆರೆ. 1933ರಲ್ಲಿ ಹುಟ್ಟಿದ್ದು ಇಲ್ಲೇ. 1991ರಿಂದ 1995ರವರೆಗೆ ರೈಲ್ವೆ ಸಚಿವರು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಮಾಡುವ ಯೂನಿಗೇಜ್ ಯೋಜನೆಯಿಂದ ಅವರನ್ನು ನೆನೆಯುತ್ತಾರೆ. ಇನ್ನೊಂದು ಕೆಲಸ ನೆನೆಯುವವರು ಕಡಿಮೆ. 1993ರಲ್ಲಿ ಎಬಿಬಿ ಕಂಪನಿಯ ಜೊತೆ ಎಂಜಿನ್ ಒಪ್ಪಂದ ಆದದ್ದು ಅವರ ಕಾಲದಲ್ಲಿ. ಎಂಜಿನ್ ಜೊತೆಗೆ ಅದನ್ನು ಕಟ್ಟುವ ವಿದ್ಯೆಯನ್ನೂ ಕೊಡಬೇಕು ಎಂಬುದು ಷರತ್ತು. ಚಿತ್ತರಂಜನ್ ಕಾರ್ಖಾನೆ ಅದನ್ನು ಕಲಿಯಿತು.

ಅಲ್ಲಿಯವರೆಗೆ ನಮ್ಮ ವಿದ್ಯುತ್ ಎಂಜಿನ್ನಿನಲ್ಲಿ ಶಕ್ತಿ ಹೆಚ್ಚಿಸುವುದೆಂದರೆ ಟ್ರಾನ್ಸ್‌ಫಾರ್ಮರಿನ ಒಂದೊಂದೇ ಮೆಟ್ಟಿಲು ಹತ್ತಿಸುವುದು. ಪ್ರತಿ ಮೆಟ್ಟಿಲಿಗೂ ಒಂದು ಜಗ್ಗು. ಮೋಟಾರಿನೊಳಗೆ ಕಾರ್ಬನ್ ಬ್ರಶ್ ಸವೆಯುತ್ತಿತ್ತು, ಕಿಡಿ ಹಾರುತ್ತಿತ್ತು. ಡಬ್ಲ್ಯುಎಪಿ-5, ಡಬ್ಲ್ಯುಎಜಿ-9 ಎಂಜಿನ್‌ಗಳು ಬಂದ ಮೇಲೆ ಆ ಕೆಲಸ ಎಲೆಕ್ಟ್ರಾನಿಕ್ ಕನ್ವರ್ಟರ್ ಪಾಲಾಯಿತು. ತಂತಿಯ 25 ಸಾವಿರ ವೋಲ್ಟನ್ನು ಅದು ಕತ್ತರಿಸಿ, ಜೋಡಿಸಿ, ಮೋಟಾರಿಗೆ ಎಷ್ಟು ಬೇಕೋ ಅಷ್ಟು, ಎಂಥದ್ದು ಬೇಕೋ ಅಂಥದ್ದು ಬಡಿಸುತ್ತದೆ. ಗಾಲಿ ಜಾರಿದರೆ ಕ್ಷಣದಲ್ಲಿ ಗೊತ್ತು ಮಾಡಿಕೊಂಡು ಎಳೆತ ತಗ್ಗಿಸುತ್ತದೆ. ಬ್ರೇಕ್ ಹಾಕಿದರೆ ಅದೇ ಮೋಟಾರು ಜನರೇಟರ್ ಆಗಿ ಕರೆಂಟನ್ನು ಮತ್ತೆ ತಂತಿಗೆ ಕೊಡುತ್ತದೆ. ಇಳಿಜಾರಿನಲ್ಲಿ ರೈಲು ಕರೆಂಟ್ ಬಿಲ್ ಕಟ್ಟುವುದಿಲ್ಲ, ವಸೂಲಿ ಮಾಡುತ್ತದೆ. ಸರ್ಕಾರದ ಅಂಗಸಂಸ್ಥೆಯೊಂದು ಪಡೆದದ್ದನ್ನು ವಾಪಸ್ ಕೊಟ್ಟ ನಿದರ್ಶನ ನನಗೆ ಗೊತ್ತಿರುವುದು ಇದೊಂದೇ.

ದೇಶದ ಎಂಜಿನ್ನಿಗೆ ತಲೆ ಕೂರಿಸಿದ ಒಪ್ಪಂದ ಚಳ್ಳಕೆರೆಯವರ ಕಾಲದ್ದು. ಚಳ್ಳಕೆರೆಯವರು ಬೆಂಗಳೂರಿಗೆ ಹೋಗುವುದು ಬಸ್ಸಿನಲ್ಲಿ. ಕಾರಣ ಕೇಳಬೇಡಿ, ಭೂಪಟ ನೋಡಿ. ಬೆಂಗಳೂರು ದಕ್ಷಿಣಕ್ಕಿದೆ. ರೈಲು ಮೊದಲು ಪಶ್ಚಿಮಕ್ಕೆ ಹೊರಡುತ್ತದೆ. ಚಿತ್ರದುರ್ಗ ದಾಟಿ, ಚಿಕ್ಕಜಾಜೂರಿಗೆ ಹೋಗಿ, ಅಲ್ಲಿ ಮನಸ್ಸು ಬದಲಾಯಿಸಿ, ಬೀರೂರು, ಅರಸೀಕೆರೆ, ತಿಪಟೂರು, ತುಮಕೂರು ನೋಡಿಕೊಂಡು ಬೆಂಗಳೂರಿಗೆ ಇಳಿಯುತ್ತದೆ. ನೇರ ದಾರಿಗೆಂದು ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ 2011-12ರ ಬಜೆಟ್ಟಿನಲ್ಲಿ ಹುಟ್ಟಿತು. ತುಮಕೂರು–ರಾಯದುರ್ಗ ಮಾರ್ಗ ಅದಕ್ಕೂ ಅಣ್ಣ, 2007-08ರದ್ದು. ಪ್ರತಿ ಚುನಾವಣೆಯಲ್ಲೂ ಇಬ್ಬರಿಗೂ ಹುಟ್ಟುಹಬ್ಬ. ಮೊಳಕಾಲ್ಮೂರಿನ ನೇಕಾರ ರೇಷ್ಮೆ ಸೀರೆ ಗಂಟು ಕಟ್ಟಿಕೊಂಡು ರೈಲಿನ ವೇಳೆ ಕೇಳುವುದಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ. ಜಿಐ ಮಾನ್ಯತೆ ಸೀರೆಗೆ ಸಿಕ್ಕಿದೆ, ಸೀಟು ಸಿಕ್ಕಿಲ್ಲ.

ಜಾಣ ರೈಲುಗಳಿಲ್ಲವೇ? ಇವೆ. ಟಿವಿ ಹಾಕಿದರೆ ಸಾಕು.

ವಂದೇ ಭಾರತ್. 2019ರ ಫೆಬ್ರವರಿ 15ರಂದು ದೆಹಲಿಯಿಂದ ವಾರಾಣಸಿಗೆ ಹೊರಟ ಮೊದಲ ರೈಲು. ನಮ್ಮದೇ ಪೆರಂಬೂರಿನ ಐಸಿಎಫ್ ಕಟ್ಟಿದ್ದು. ನಿಜವಾಗಿ ಮೆಚ್ಚತಕ್ಕ ಕೆಲಸ. ಎಂಜಿನ್ ಬೇರೆ ಇಲ್ಲ, ಬೋಗಿಗಳ ಅಡಿಯಲ್ಲೇ ಹಂಚಿಟ್ಟ ಮೋಟಾರುಗಳು. ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಬಾಗಿಲು ಮುಚ್ಚದೆ ರೈಲು ಹೊರಡುವುದಿಲ್ಲ. ಕಾಲಿಡಲು ಮೆಟ್ಟಿಲು ಹೊರಗೆ ಚಾಚುತ್ತದೆ. ಉದ್ಘಾಟನೆಯ ಮರುದಿನವೇ ವಾಪಸ್ ಬರುವಾಗ ದಾರಿಯಲ್ಲಿ ಕೆಟ್ಟು ನಿಂತಿತು, ಇರಲಿ. ಹೊಸ ಯಂತ್ರ ಕೆಡುತ್ತದೆ. ದನ ಅಡ್ಡ ಬಂತು ಎಂದರು.

ದನ ಎಂದ ಮೇಲೆ ನೆನಪಾಯಿತು. 2022ರ ಅಕ್ಟೋಬರ್‌ನಲ್ಲಿ ಮುಂಬೈ–ಗಾಂಧಿನಗರ ವಂದೇ ಭಾರತ್‌ಗೆ ಎಮ್ಮೆಗಳು ಅಡ್ಡ ಬಂದು ಮೂಗು ಮುರಿಯಿತು. ಒಳಗೆ ಅಷ್ಟೊಂದು ಸೆನ್ಸರು. ಹೊರಗೆ ಬೇಲಿ ಇಲ್ಲ. ಚಳ್ಳಕೆರೆಯಲ್ಲಿ ದನ ಮೇಯುವ ಕಾವಲಿಗೆ ಗೋಡೆ ಕಟ್ಟಿದವರು ದನ ನುಗ್ಗುವ ಹಳಿಗೆ ಬೇಲಿ ಹಾಕಲು ಮೂಗು ಮುರಿಯುವವರೆಗೆ ಕಾದರು.

160 ಕಿಲೋಮೀಟರ್ ವೇಗದ ಈ ರೈಲುಗಳ ಸರಾಸರಿ ವೇಗ 2023-24ರಲ್ಲಿ ಗಂಟೆಗೆ 76 ಕಿಲೋಮೀಟರ್ ಆಸುಪಾಸು. 2020-21ರಲ್ಲಿ 84 ಇತ್ತು. ವಾಹನ ಜಾಣ ಆಗುತ್ತಾ ಹೋಯಿತು, ಹಳಿ ಅಲ್ಲೇ ಉಳಿಯಿತು. ಹಳಿಗೆ ಹಸಿರು ನಿಶಾನೆ ತೋರಿಸಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ.

ಧಾರವಾಡ–ಬೆಂಗಳೂರು ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಚಿತ್ರದುರ್ಗದ ಮುಖ ಅದು ನೋಡಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ದೂರದ ಮಾತು. ಹೋಗಲಿ, ನಮಗೆ ವಂದೇ ಭಾರತ್ ಬೇಡ. ಟಿಕೆಟ್ ದರ ಕೇಳಿದರೇ ಉಸಿರು ನಿಲ್ಲುತ್ತದೆ. ಅದರ ಬಾಗಿಲಿನ ಬುದ್ಧಿಯಲ್ಲಿ ಒಂದು ಚೂರು ಕೊಡಿ.

ಆಗುವುದಿಲ್ಲವಂತೆ. ಬುದ್ಧಿಗೂ ದರ್ಜೆ ಇದೆ. ಎಸಿ ಚೇರ್ ಕಾರ್‌ನವನ ಬೆರಳು ಸಿಕ್ಕಿಕೊಳ್ಳದಂತೆ ಬಾಗಿಲಿಗೆ ಸೆನ್ಸರ್. ಜನರಲ್ ಬೋಗಿಯವನ ಮೈಯೇ ಬಾಗಿಲು. ಬಾಗಿಲಿಗೆ ಜೋತು ನಿಂತವನಿಗೆ ಪ್ರಾಣದ ಬೆಲೆ ಗೊತ್ತಿಲ್ಲ ಎಂದು ಪ್ರಕಟಣೆ ಕೊಡುತ್ತಾರೆ. ಒಳಗೆ ನಿಲ್ಲಲು ಜಾಗ ಇದ್ದಿದ್ದರೆ ಅವನೇಕೆ ಜೋತು ಬೀಳುತ್ತಿದ್ದ ಎಂದು ಪ್ರಕಟಣೆ ಬರೆಯುವವರಿಗೆ ಹೊಳೆಯುವುದಿಲ್ಲ. ಅವರು ಬರೆಯುವ ಕೋಣೆಯ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ.

2025ರ ಜೂನ್ 9ರಂದು ಮುಂಬೈನ ಮುಂಬ್ರಾದಲ್ಲಿ ಲೋಕಲ್ ರೈಲುಗಳಿಂದ ಬಿದ್ದು ಜನ ಸತ್ತರು. ಅಂದೇ ಘೋಷಣೆ ಹೊರಬಿತ್ತು: ಇನ್ನು ಮುಂದಿನ ಲೋಕಲ್ ಬೋಗಿಗಳಿಗೆ ತಾನೇ ಮುಚ್ಚುವ ಬಾಗಿಲು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ದುರ್ಗದ ಸೀಮೆಯವರಿಗೆ ಹೊಸದಲ್ಲ. ಆದರೆ ಆ ದಿಡ್ಡಿ ಬಾಗಿಲಿಗೂ ಹೆಣಗಳ ಸಂಖ್ಯೆ ಇಷ್ಟಾಗಬೇಕು, ಅದೂ ಮಹಾನಗರದಲ್ಲಾಗಬೇಕು ಎಂದರೆ ನಮ್ಮ ಕಡೆಯ ಪ್ಯಾಸೆಂಜರಿಗೆ ಅರ್ಹತೆ ಬರುವುದು ಯಾವಾಗ? ಒಬ್ಬೊಬ್ಬರಾಗಿ ಬೀಳುವವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಜಾ ಎಂದರೆ, ಅಗ್ಗದ ರೈಲಿಗೂ ಬುದ್ಧಿ ಕೂರಿಸಬಹುದು ಎಂದು ಇವರೇ ಸಾಬೀತು ಮಾಡಿದ್ದಾರೆ. 2023ರ ಡಿಸೆಂಬರ್ 30ರಂದು ಅಮೃತ್ ಭಾರತ್ ಬಂತು. ಎಸಿ ಇಲ್ಲದ ರೈಲು. ಮುಂದೊಂದು ಹಿಂದೊಂದು ಡಬ್ಲ್ಯುಎಪಿ-5. ಒಂದು ಎಳೆಯುತ್ತದೆ, ಒಂದು ತಳ್ಳುತ್ತದೆ. ಮುಂದೆ ಕೂತ ಪೈಲಟ್ ಎರಡನ್ನೂ ಒಟ್ಟಿಗೆ ನಡೆಸುತ್ತಾನೆ. ಮೊದಲೆರಡರಲ್ಲಿ ಒಂದು ಬೆಂಗಳೂರಿನಿಂದ ಬಂಗಾಳದ ಮಾಲ್ದಾಕ್ಕೆ. ಅದೇ ಷರೀಫ್ ಕಾಲದ ಎಂಜಿನ್ ಕುಲ. ಅಂದರೆ ವಿದ್ಯೆ ಇದೆ, ಸಾಮಾನು ಇದೆ, ಕಾರ್ಖಾನೆ ಇದೆ. ಗಾಲಿ ಬೇಕೇ, ಯಲಹಂಕದಲ್ಲಿ 1984ರಿಂದ ಗಾಲಿ ಎರಕ ಹೊಯ್ಯುತ್ತಿದ್ದಾರೆ. ಬೋಗಿ ಬೇಕೇ, ಬೆಂಗಳೂರಿನಲ್ಲೇ ಬಿಇಎಂಎಲ್ ಇದೆ. ವಂದೇ ಭಾರತ್ ಸ್ಲೀಪರ್ ಕಟ್ಟಿದೆ, 280 ಕಿಲೋಮೀಟರ್ ವೇಗದ ರೈಲಿನ ಗುತ್ತಿಗೆಯನ್ನೂ ಹಿಡಿದಿದೆ. ಎರಡು ರೈಲಿಗೆ 866 ಕೋಟಿ ಚಿಲ್ಲರೆ. ಆ ಚಿಲ್ಲರೆಯಲ್ಲಿ ಎಷ್ಟು ಚಿಲಕ ಬರುತ್ತದೆ ಎಂದು ಲೆಕ್ಕ ಹಾಕುವಷ್ಟು ಗಣಿತ ನನಗೆ ಬರುವುದಿಲ್ಲ.

ಬೆಂಗಳೂರಿನವರೂ ಹೆಚ್ಚು ಬೀಗಬೇಕಿಲ್ಲ. ಚಾಲಕನೇ ಬೇಡದ ರೈಲು ಎಂದು ಹಳದಿ ಮಾರ್ಗದ ಮೆಟ್ರೋಗೆ ವರ್ಷಗಟ್ಟಲೆ ಬ್ಯಾಂಡು ಬಾರಿಸಿದರು. ಹಳಿ ಸಿದ್ಧ, ನಿಲ್ದಾಣ ಸಿದ್ಧ, ರೈಲೇ ಇಲ್ಲ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಚಾಲಕ ಬೇಡದ ರೈಲಿಗೆ ಶುರುವಿಗೆ ಚಾಲಕರನ್ನೇ ಕೂರಿಸಿದರು. ಅದು ಸರಿಯೇ. ಮನುಷ್ಯನ ಕಣ್ಣಿಗೆ ಬದಲಿ ಇಷ್ಟು ಬೇಗ ಸಿಗುವುದಿಲ್ಲ.

ಆ ಕಣ್ಣಿನ ಕಥೆಗೇ ಬರುತ್ತೇನೆ.

ಎಂಜಿನ್ನಿನಲ್ಲಿ ಲೋಕೋ ಪೈಲಟ್ ಎದುರಿಗೆ ಒಂದು ಉಪಕರಣ ಇದೆ. ವಿಜಿಲೆನ್ಸ್ ಕಂಟ್ರೋಲ್ ಡಿವೈಸ್. 60 ಸೆಕೆಂಡುಗಳಲ್ಲಿ ಪೈಲಟ್ ಏನಾದರೂ ಮಾಡಲೇಬೇಕು. ವೇಗ ಬದಲಿಸಬೇಕು, ಹಾರ್ನ್ ಹೊಡೆಯಬೇಕು, ಬ್ರೇಕ್ ಮುಟ್ಟಬೇಕು. ಏನೂ ಇಲ್ಲವೇ, ಗುಂಡಿ ಒತ್ತಬೇಕು. ಇಲ್ಲದಿದ್ದರೆ ದೀಪ ಮಿನುಗುತ್ತದೆ. ಎಂಟು ಸೆಕೆಂಡ್ ಕಾಯುತ್ತದೆ. ಆಮೇಲೆ ಬಜರ್ ಅರಚುತ್ತದೆ. ಮತ್ತೆಂಟು ಸೆಕೆಂಡ್. ಆಗಲೂ ಒತ್ತದಿದ್ದರೆ ಉಪಕರಣ ತಾನೇ ಬ್ರೇಕ್ ಹಾಕಿ ರೈಲು ನಿಲ್ಲಿಸುತ್ತದೆ. ಪೈಲಟ್ ನಿದ್ದೆ ಹೋದರೂ, ಪ್ರಾಣವೇ ಹೋದರೂ, ಹಿಂದಿನ ಸಾವಿರ ಜನ ಉಳಿಯಲಿ ಎಂದು. ಅದ್ಭುತ ಉಪಾಯ. ಒಂದು ಮಾತೂ ಎದುರಾಡುವುದಿಲ್ಲ.

ಹೀಗೆ ನಿಮಿಷಕ್ಕೊಮ್ಮೆ ಎಚ್ಚರ ಪರೀಕ್ಷೆ ಬರೆಯುವ ಮನುಷ್ಯನಿಗೆ ಮೂತ್ರ ಬಂದರೆ?

ಎಂಜಿನ್ನಿನಲ್ಲಿ ಕನ್ವರ್ಟರ್ ಇದೆ. ಕಂಪ್ಯೂಟರ್ ಇದೆ. ಕನ್ವರ್ಟರ್ ಬಿಸಿಯಾಗದಂತೆ ಎಣ್ಣೆ ಸುತ್ತಿಸುವ ಪಂಪ್ ಇದೆ, ಗಾಳಿ ಊದುವ ಬ್ಲೋವರ್ ಇದೆ. ಹೆಚ್ಚಿನ ಎಂಜಿನ್‌ಗಳಲ್ಲಿ ಕಕ್ಕಸು ಇಲ್ಲ. ಇತ್ತೀಚೆಗೆ ಕೆಲವಕ್ಕೆ ನೀರಿಲ್ಲದ ಮೂತ್ರಾಲಯ ಕೂರಿಸುತ್ತಿದ್ದಾರೆ. ಉಳಿದವರು ಬಾಟಲಿ, ಇಲ್ಲವೇ ನೀರು ಕುಡಿಯದಿರುವ ಸಾಧನೆ. ಹೆಣ್ಣುಮಕ್ಕಳೂ ಈಗ ಲೋಕೋ ಪೈಲಟ್ ಆಗಿದ್ದಾರೆ. ಅವರ ಫೋಟೋ ಮಹಿಳಾ ದಿನಾಚರಣೆಯ ಜಾಹೀರಾತಿನಲ್ಲಿ ಬರುತ್ತದೆ. ಮಾರ್ಚ್ 9ರಿಂದ ಅವರ ಪಾಡು ಅವರಿಗೆ.

ಊಟಕ್ಕೆ, ಶೌಚಕ್ಕೆ ನಿಗದಿತ ಬಿಡುವು ಕೊಡಿ ಎಂದು ಪೈಲಟ್‌ಗಳು ಕೇಳಿದರು. ಸಮಿತಿ ಕೂತಿತು. ಅಂಥ ಬಿಡುವು ಕಾರ್ಯಸಾಧ್ಯವಲ್ಲ ಎಂದು ಸಮಿತಿ ಹೇಳಿತು. 2025ರಲ್ಲಿ ರೈಲ್ವೆ ಮಂಡಳಿ ಸಮಿತಿಯ ಮಾತನ್ನೇ ಒಪ್ಪಿತು. ಸಮಿತಿಯ ಸಭೆಗಳಿಗೆ ಚಹಾ ವಿರಾಮ ಕಾರ್ಯಸಾಧ್ಯವಾಗಿತ್ತೇ ಎಂಬುದು ವರದಿಯ ವ್ಯಾಪ್ತಿಗೆ ಬರುವುದಿಲ್ಲ.

ಜೊತೆಗೆ ಕ್ಯಾಬಿನ್ನಿಗೆ ಕ್ಯಾಮೆರಾ ಕೂರಿಸುತ್ತಿದ್ದಾರೆ. ಮಾತೂ ದಾಖಲು, ಮುಖವೂ ದಾಖಲು. ಕ್ಯಾಮೆರಾಕ್ಕೆ ದುಡ್ಡಿತ್ತು, ಜಾಗವಿತ್ತು, ವಿನ್ಯಾಸ ಮಾಡುವವರೂ ಸಿಕ್ಕರು. ಈ ದೇಶದಲ್ಲಿ ಕಾವಲಿನ ಎಲೆಕ್ಟ್ರಾನಿಕ್ಸ್‌ಗೆ ಅನುದಾನದ ಕೊರತೆ ಎಂದೂ ಆಗುವುದಿಲ್ಲ. ಆರೈಕೆಯದಕ್ಕೆ ಬಂದಾಗ ಮಾತ್ರ ಎಂಜಿನ್ನಿನಲ್ಲಿ ಸ್ಥಳಾಭಾವ.

ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯ ಕೆಳಗೆ ಬಗ್ಗಿ ನೋಡಿದರೆ ಇನ್ನೊಂದು ವೈಚಿತ್ರ್ಯ ಕಾಣುತ್ತದೆ. ಪ್ರತಿ ಅಚ್ಚಿನ ಕೊನೆಗೆ ಒಂದು ಸೆನ್ಸರ್. ಹಲ್ಲಿನ ಚಕ್ರ ಎಣಿಸಿ ಗಾಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಹೇಳುತ್ತಿರುತ್ತದೆ. ಬ್ರೇಕ್ ಹಾಕಿದಾಗ ಒಂದು ಅಚ್ಚು ಉಳಿದವಕ್ಕಿಂತ ಬೇಗ ನಿಲ್ಲತೊಡಗಿದರೆ ಗಾಲಿ ಜಾರುತ್ತಿದೆ ಎಂದರ್ಥ. ತಕ್ಷಣ ಕಂಪ್ಯೂಟರ್ ಆ ಅಚ್ಚಿನ ಬ್ರೇಕಿನ ಗಾಳಿ ಒಂದು ಕ್ಷಣ ಬಿಟ್ಟು ಮತ್ತೆ ಹಿಡಿಸುತ್ತದೆ. ಹಾಗೆ ಮಾಡದಿದ್ದರೆ ಗಾಲಿ ಹಳಿಯ ಮೇಲೆ ಉಜ್ಜಿ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಊರಿಂದೂರಿಗೆ ಟಕಟಕ ಸದ್ದು. ಎಷ್ಟು ಕಾಳಜಿ ನೋಡಿ, ಗಾಲಿಯ ಮೈ ಸವೆಯಬಾರದು.

ಆ ಬೋಗಿಯನ್ನು ಎಂಜಿನ್ನಿಗೆ ಸೇರಿಸಿ ಬಿಡಿಸಲು ಮಾತ್ರ ಈಗಲೂ ಒಬ್ಬ ಮನುಷ್ಯ ನಡುವೆ ಇಳಿಯುತ್ತಾನೆ. 2024ರ ನವೆಂಬರ್ 9ರಂದು ಬಿಹಾರದ ಬರೌನಿ ಜಂಕ್ಷನ್‌ನಲ್ಲಿ ಹಾಗೆ ಇಳಿದವನು ಎಂಜಿನ್ನಿಗೂ ಬೋಗಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾದ. ಎಂಜಿನ್ ಹಿಂದಕ್ಕೆ ಬಂತು. ಹಿಂದೆ ಒಬ್ಬನಿದ್ದಾನೆ ಎಂದು ಅದಕ್ಕೆ ಹೇಳುವ ಸೆನ್ಸರ್ ಇರಲಿಲ್ಲ. ಗಾಲಿ ಜಾರಿದರೆ ಗೊತ್ತಾಗುತ್ತದೆ, ಮನುಷ್ಯ ಸಿಕ್ಕಿದರೆ ಗೊತ್ತಾಗುವುದಿಲ್ಲ. ಗಾಲಿ ರೈಲ್ವೆಯ ಆಸ್ತಿ, ಅದಕ್ಕೆ ಲೆಕ್ಕಪುಸ್ತಕ ಇದೆ.

ನಾವೇನು ಕಡಿಮೆಯೇ? ವಂದೇ ಭಾರತ್ ಬಂದಾಗ ಸೆಲ್ಫಿ ತೆಗೆದುಕೊಂಡವರೂ ನಾವೇ, ಅದರ ಗಾಜಿಗೆ ಕಲ್ಲು ಹೊಡೆದವರೂ ನಾವೇ. ಚೈನ್ ಎಳೆದು ತೋಟದ ಮನೆ ಹತ್ತಿರ ಇಳಿಯುವವನು ಪ್ಲಾಟ್‌ಫಾರ್ಮಿನಲ್ಲಿ ರೈಲು ಲೇಟಾಯಿತೆಂದು ಭಾಷಣ ಮಾಡುತ್ತಾನೆ. ತಾಲ್ಲೂಕಿಗೊಂದು ನಿಯೋಗ ದೆಹಲಿಗೆ ಹೋಗುತ್ತದೆ. ಹಾರ, ಶಾಲು, ಮನವಿ, ಫೋಟೋ. ಮನವಿಯಲ್ಲಿ ಹೊಸ ರೈಲು ಇರುತ್ತದೆ, ನಿಲುಗಡೆ ಇರುತ್ತದೆ, ನಿಲ್ದಾಣಕ್ಕೆ ಹೆಸರಿಡುವುದು ಇದ್ದೇ ಇರುತ್ತದೆ. ಬ್ರೇಕು, ಬಾಗಿಲು, ಸಿಗ್ನಲ್ ಇರುವುದಿಲ್ಲ. ಕಾಣದ್ದನ್ನು ಕೇಳಿದರೆ ಓಟು ಬರುವುದಿಲ್ಲ.

ಗೋಡೆಯ ಒಳಗಿನವರ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅವರ ವಾಹನಗಳೂ ಬಿದ್ದಿವೆ. 2019ರ ಸೆಪ್ಟೆಂಬರ್‌ನಲ್ಲಿ ಡಿಆರ್‌ಡಿಒದ ಪೈಲಟ್ ಇಲ್ಲದ ವಿಮಾನ ರುಸ್ತುಂ-2 ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯಲ್ಲಿ ಬಿತ್ತು. 2023ರ ಆಗಸ್ಟ್‌ನಲ್ಲಿ ತಪಸ್ ಹಿರಿಯೂರು ತಾಲ್ಲೂಕಿನಲ್ಲಿ ಬಿತ್ತು. ಜನ ಸುತ್ತ ನಿಂತು ನೋಡಿದರು. ಒಳಗೆ ಯಾರೂ ಇರಲಿಲ್ಲ, ಯಾರೂ ಸಾಯಲಿಲ್ಲ. ಪರೀಕ್ಷೆ ಎಂದರೆ ಅದು. ಖಾಲಿ ವಾಹನ ಬೀಳಿಸಿ ಕಲಿಯುತ್ತಾರೆ. ರೈಲ್ವೆ ಪ್ರಯಾಣಿಕರನ್ನು ತುಂಬಿಕೊಂಡು ಕಲಿಯುತ್ತದೆ.

ಅದನ್ನೂ ಕಲಿತಿದೆಯೇ? ನಮ್ಮ ಪಕ್ಕದ್ದೇ ಉದಾಹರಣೆ ಇದೆ.

ನಮ್ಮ ಮಾರ್ಗ ಹೋಗಿ ಸೇರುವುದು ಚಿಕ್ಕಜಾಜೂರಿಗೆ. ಅಲ್ಲಿಂದ ಬೀರೂರಿನ ಕಡೆಗೆ ಹೋದರೆ ಹೊಸದುರ್ಗ ರೋಡ್ ನಿಲ್ದಾಣ. 2023ರ ಫೆಬ್ರವರಿ 8ರಂದು ಅಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಹೋಗಬೇಕಾದದ್ದು ಒಂದು ಹಳಿ, ಪಾಯಿಂಟ್ ತಿರುಗಿದ್ದು ಇನ್ನೊಂದರ ಕಡೆಗೆ. ಎದುರಿನಿಂದ ರೈಲು ಬರುವ ಹಳಿ ಅದು. ಹಾಗೆ ಆಗಲೇಬಾರದು ಎಂದೇ ಇಂಟರ್‌ಲಾಕಿಂಗ್ ಇರುವುದು. ಪಾಯಿಂಟು ಒಂದು ಹೇಳಿ ಸಿಗ್ನಲ್ ಇನ್ನೊಂದು ಹೇಳದಂತೆ ಬೀಗ ಹಾಕುವ ವ್ಯವಸ್ಥೆ. ಬೀಗ ಬಿಚ್ಚಿಕೊಂಡಿತ್ತು. ಯಂತ್ರಕ್ಕೆ ಗೊತ್ತಾಗಲಿಲ್ಲ. ಲೋಕೋ ಪೈಲಟ್ ಕಣ್ಣಿಗೆ ಬಿತ್ತು. ಬ್ರೇಕ್ ಹಾಕಿದರು. ರೈಲು ನಿಂತಿತು.

ಮರುದಿನವೇ ನೈಋತ್ಯ ರೈಲ್ವೆಯ ಉನ್ನತ ಅಧಿಕಾರಿಯೊಬ್ಬರು ಪತ್ರ ಬರೆದರು. ವ್ಯವಸ್ಥೆಯಲ್ಲೇ ಗಂಭೀರ ಲೋಪಗಳಿವೆ, ಈಗಲೇ ಸರಿಪಡಿಸದಿದ್ದರೆ ಮತ್ತೆ ಆಗುತ್ತದೆ, ಭಾರೀ ಅಪಘಾತಕ್ಕೆ ದಾರಿಯಾಗುತ್ತದೆ ಎಂದು. ಇಷ್ಟು ನೇರವಾದ ಸರ್ಕಾರಿ ಪತ್ರ ಅಪರೂಪ. ಅದಕ್ಕೇ ಇರಬೇಕು, ಓದುವವರಿಗೆ ಅರ್ಥವಾಗಲಿಲ್ಲ.

ಫೆಬ್ರವರಿ ಮುಗಿಯಿತು. ಮಾರ್ಚ್, ಏಪ್ರಿಲ್, ಮೇ. ಆ ತಿಂಗಳುಗಳಲ್ಲಿ ಹಸಿರು ನಿಶಾನೆ ಕಾರ್ಯಕ್ರಮಗಳಿಗೆ ಕೊರತೆ ಇರಲಿಲ್ಲ.

ಜೂನ್ 2ರ ಸಂಜೆ ಒಡಿಶಾದ ಬಾಹಾನಗಾ ಬಜಾರ್ ನಿಲ್ದಾಣ. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ನೇರ ಹಳಿಯ ಹಸಿರು ಸಿಗ್ನಲ್. ಪಾಯಿಂಟ್ ಪಕ್ಕದ ಲೂಪ್ ಹಳಿಗೆ. ಅಲ್ಲಿ ಗೂಡ್ಸ್ ರೈಲು ನಿಂತಿತ್ತು. ಪೈಲಟ್ ಕಣ್ಣಿಟ್ಟು ನೋಡಿ ನಿಲ್ಲಿಸುವಷ್ಟು ನಿಧಾನವಾಗಿ ರೈಲು ಹೋಗುತ್ತಿರಲಿಲ್ಲ. 290ಕ್ಕೂ ಹೆಚ್ಚು ಜನ ಸತ್ತರು. ಸುರಕ್ಷತಾ ಆಯುಕ್ತರ ತನಿಖೆ ಹೇಳಿದ್ದು: ಸಿಗ್ನಲ್ ಸರ್ಕ್ಯೂಟ್ ಬದಲಿಸಿದಾಗ ಆದ ಲೋಪ, ಡಬ್ಬಿಯೊಳಗಿನ ತಂತಿಗಳಿಗೆ ತಪ್ಪು ಚೀಟಿ. ಕೋಟಿಗಟ್ಟಲೆಯ ಎಲೆಕ್ಟ್ರಾನಿಕ್ ವ್ಯವಸ್ಥೆ. ಚೀಟಿ ಸರಿಯಾಗಿ ಅಂಟಿಸಿರಲಿಲ್ಲ.

ಆಮೇಲೆ ಟಿವಿಯಲ್ಲಿ ಎಲ್ಲರೂ ಕವಚದ ಬಗ್ಗೆ ಮಾತಾಡಿದರು. ಸಿಗ್ನಲ್ ಮೀರಿದರೆ ತಾನೇ ಬ್ರೇಕ್ ಹಾಕುವ ದೇಸಿ ವ್ಯವಸ್ಥೆ. 2020ರಿಂದ ರಾಷ್ಟ್ರೀಯ ವ್ಯವಸ್ಥೆ ಎಂದು ಬಿರುದು. 69 ಸಾವಿರ ಕಿಲೋಮೀಟರ್ ಆಸುಪಾಸಿನ ಜಾಲದಲ್ಲಿ 2024ರ ಹೊತ್ತಿಗೆ ಕೂತದ್ದು ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಅಷ್ಟಕ್ಕೂ ಬಾಹಾನಗಾದಲ್ಲಿ ಪೈಲಟ್ ಸಿಗ್ನಲ್ ಮೀರಿರಲೇ ಇಲ್ಲ. ಸಿಗ್ನಲ್ಲೇ ಸುಳ್ಳು ಹೇಳಿತ್ತು. ಸುಳ್ಳಿಗೆ ಕವಚ ಇನ್ನೂ ಕಂಡುಹಿಡಿದಿಲ್ಲ. ಕಂಡುಹಿಡಿದರೆ ಟೆಂಡರ್ ಕರೆಯುವವರು ಯಾರು?

ಜುಲೈನಲ್ಲಿ ಸಿಬಿಐ ಮೂವರನ್ನು ಬಂಧಿಸಿತು. ಮೂವರೂ ಹಳಿಯ ಪಕ್ಕದಲ್ಲಿ ಕೆಲಸ ಮಾಡುವವರು. ಹೊಸದುರ್ಗ ರೋಡಿನ ಪತ್ರ ತಲುಪಿದ ಮೇಜುಗಳ ಹತ್ತಿರಕ್ಕೆ ಯಾರೂ ಹೋಗಲಿಲ್ಲ. ಪತ್ರ ಫೆಬ್ರವರಿ 9ರದ್ದು, ಅಪಘಾತ ಜೂನ್ 2ರದ್ದು. ನಡುವೆ 113 ದಿನ. ಎಂಜಿನ್ನಿನಲ್ಲಿ ಪೈಲಟ್ 60 ಸೆಕೆಂಡ್ ಸುಮ್ಮನೆ ಕೂತರೆ ದೀಪ ಮಿನುಗುತ್ತದೆ, ಬಜರ್ ಅರಚುತ್ತದೆ, ಬ್ರೇಕ್ ಬೀಳುತ್ತದೆ. ಅಂಥದ್ದೊಂದು ಗುಂಡಿಯನ್ನು ಆ ಮೇಜುಗಳಿಗೆ ಕೂರಿಸಲು ಯಾವ ಸಮಿತಿಯೂ ಈವರೆಗೆ ಶಿಫಾರಸು ಮಾಡಿಲ್ಲ.